ಲೆಕ್ಕ ಬಾರದವರ ಗಣಕವಿದ್ಯೆ

ಕಳೆದ ಶ್ರಾವಣದ ಒಂದು ಸಂಜೆ ನನ್ನ ತಂಗಿಯ ಮಗಳು ಕಾಲೇಜಿನಿಂದ ನೆಟ್ಟಗೆ ನಮ್ಮ ಮನೆಗೆ ಬಂದು, ಪುಸ್ತಕದ ಚೀಲವನ್ನು ಜಗಲಿಯ ಮೇಲಿಟ್ಟು, ಮಾತಿಲ್ಲದೆ ಕುಳಿತಳು. ಆಕೆ ಬಿ.ಎ. ತರಗತಿಯಲ್ಲಿ ಇತಿಹಾಸವನ್ನೂ ಕನ್ನಡವನ್ನೂ ವ್ಯಾಸಂಗಮಾಡತಕ್ಕವಳು. ಅವಳ ಕಾಲೇಜಿನಲ್ಲಿ ಕಲಾವಿಭಾಗದವರಿಗೂ ಕಂಪ್ಯೂಟರಿನ ಪಾಠವೊಂದನ್ನು ಇಟ್ಟಿದ್ದಾರೆ. ಯಂತ್ರವು ಯಾವುದಾದ ಮೇಲೆ ಯಾವುದನ್ನು ಮಾಡಬೇಕೆಂಬುದನ್ನು ಸಾಲುಸಾಲಾಗಿ ಬರೆದಿಡುವ ಆಜ್ಞೆಗಳ ಮಾಲೆಗೆ ಪ್ರೋಗ್ರಾಂ ಅಥವಾ ಕ್ರಮವಿಧಿಯೆಂದು ಹೆಸರಷ್ಟೆ. ಅದನ್ನು ಬರೆಯುವುದನ್ನು ಕಲಿಸುವ ಪಾಠ ಅದು.

“ಏನಮ್ಮ, ಮುಖ ಬಾಡಿದೆಯಲ್ಲ?” ಎಂದೆನು.

“ಮಾವ, ಆ ಕಂಪ್ಯೂಟರಿನ ಪಾಠ ನನ್ನ ತಲೆಗೆ ಹತ್ತುವುದಿಲ್ಲ. ಬಿಟ್ಟುಬಿಡುತ್ತೇನೆ. ನನಗೆ ಲೆಕ್ಕ ಒಗ್ಗುವುದಿಲ್ಲವೆಂದು ನೀವೇ ಹೇಳಿದ್ದಿರಲ್ಲ.”

ನಾನು ಹೇಳಿದ್ದುದು ನಿಜ. ಆಕೆಯ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ, ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು, “ಈ ಮಗುವಿಗೆ ಲೆಕ್ಕ ಒಗ್ಗುವುದಿಲ್ಲ, ಆರ್ಟ್ಸಿಗೆ ಸೇರಿಸಿಬಿಡು” ಎಂದು ತಂಗಿಗೆ ಬುದ್ಧಿ ಹೇಳಿದ್ದೆನು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳೆಂಬುದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮೀರಿದ ನನ್ನ ಉಪಾಧ್ಯಾಯವೃತ್ತಿಯಲ್ಲಿ ಇದೇ ಮಾತನ್ನು ಇನ್ನೆಷ್ಟು ಮಂದಿ ತಂದೆತಾಯಿಗಳಿಗೆ ಹೇಳಿರುವೆನೋ ಎಣಿಕೆಯಿಟ್ಟಿಲ್ಲ. ಹೇಳಿದವನು ಮರೆತನು, ಕೇಳಿದವರು ಮರೆಯಲಿಲ್ಲ. ಆ ಸಂಜೆ ನನಗೆ ಉಂಟಾದ ನಾಚಿಕೆಯೇ ಈ ತಿಂಗಳ ಲೇಖನಕ್ಕೆ ಕಾರಣ.

ಇರಲಿ. ನಡೆದದ್ದೇನೆಂದು ವಿಚಾರಿಸಿದೆನು. ಒಂದು ಪದದಲ್ಲಿ ಎಷ್ಟು ಅಕ್ಷರಗಳಿವೆಯೆಂದು ಯಂತ್ರದಿಂದ ಎಣಿಸುವುದು ಆ ದಿನದ ಅಭ್ಯಾಸ. ಇಂಗ್ಲಿಷಿನ ಪದಗಳನ್ನು ಕೊಟ್ಟವರಿಗೆಲ್ಲ ಉತ್ತರ ಸರಿಯಾಗಿ ಬಂದಿತು. ಇವಳು ಅಭಿಮಾನದಿಂದ ‘ಕನ್ನಡ’ ಎಂಬ ಪದವನ್ನು ಕೊಟ್ಟಳು. ಯಂತ್ರವು ೫ ಎಂದಿತು. ನೆರೆಯವರು ನಕ್ಕರು. ಅಧ್ಯಾಪಕರು, “ಸದ್ಯಕ್ಕೆ ಇಂಗ್ಲಿಷಿನಲ್ಲಿಯೇ ಮಾಡಮ್ಮ” ಎಂದು ಮುಂದಕ್ಕೆ ಹೋದರು. ತಪ್ಪು ತನ್ನದೇ, ತನ್ನ ಬುದ್ಧಿಯದೇ ಎಂದು ಇವಳು ನಿಶ್ಚಯಿಸಿಕೊಂಡಳು.

ನನಗೆ ಆ ಯಂತ್ರದ ವಿದ್ಯೆ ಬಾರದು. ಆದರೆ ವಿದ್ಯಾರ್ಥಿಯ ಉತ್ತರ ತಪ್ಪಾದಾಗ, ಆತನು ಯಾವುದನ್ನು ಹೇಗೆ ತಿಳಿದು ಆ ಉತ್ತರವನ್ನು ಕೊಟ್ಟನೆಂದು ಮೊದಲು ಕೇಳಬೇಕೆಂಬುದು ಉಪಾಧ್ಯಾಯನಾದವನಿಗೆ ಬರತಕ್ಕದ್ದು. ಆದುದರಿಂದ, “ಅದು ಎಣಿಸಿದ ಐದನ್ನೂ ಒಂದೊಂದು ಸಾಲಿನಲ್ಲಿ ಬರೆದು ತೋರಿಸೆನ್ನು” ಎಂದೆನು. ಆಕೆ ಎರಡು ಸಾಲಿನ ಆಜ್ಞೆಯನ್ನು ಬರೆದಳು. ತೆರೆಯ ಮೇಲೆ ಒಂದರ ಕೆಳಗೊಂದರಂತೆ ಕ, ನ, ಅದರ ಕೆಳಗೆ ಚುಕ್ಕಿಗಳ ಬಳೆಯೊಂದಕ್ಕೆ ಅಂಟಿಕೊಂಡ ಹಲಂತದ ಕೊಂಡಿ, ಆಮೇಲೆ ಮತ್ತೆ ನ, ಕಡೆಗೆ ಡ ಮೂಡಿದುವು. ಹುಡುಗಿ ಕ್ಷಣಕಾಲ ನೋಡಿ, “ಮಾವ, ಇದು ಅಕ್ಷರಗಳನ್ನು ಎಣಿಸುತ್ತಿಲ್ಲ! ತಾನು ಬರೆದಿಟ್ಟುಕೊಂಡ ತುಂಡುಗಳನ್ನು ಎಣಿಸುತ್ತಿದೆ” ಎಂದಳು.

ಸಂಗತಿ ಹೀಗಿದೆ. ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ಸ್ವರಗಳಿಗೂ ಅಕಾರಸಹಿತವಾದ ವ್ಯಂಜನಗಳಿಗೂ ಒಂದೊಂದು ಸ್ಥಾನ. ಗುಣಿತಚಿಹ್ನೆಗಳಿಗೆ ಬೇರೆ ಸ್ಥಾನ. ಅಕಾರವನ್ನು ಲೋಪಮಾಡುವ ಹಲಂತಚಿಹ್ನೆಗೆ ಇನ್ನೊಂದು. ‘ನ್ನ’ ಎಂಬ ಒಂದು ಅಕ್ಷರವು ಯಂತ್ರದ ಕಡತದಲ್ಲಿ ಮೂರು ತುಂಡುಗಳಾಗುತ್ತದೆ. ನಮ್ಮ ವ್ಯಾಕರಣದಂತೆ ಬಿಡಿಸಿದರೋ, ಕ್, ಅ, ನ್, ನ್, ಅ, ಡ್, ಅ ಎಂದು ವರ್ಣಗಳು ೭. ಬಾಯಿಂದ ಉಚ್ಚರಿಸುವಾಗ ಅಕ್ಷರಗಳು ೩. ಯಂತ್ರದ ಎಣಿಕೆ ೫. ಮೂರು ಉತ್ತರಗಳಲ್ಲಿ ಒಂದೂ ತಪ್ಪಲ್ಲ. ಯಾವುದನ್ನು ಎಣಿಸಬೇಕೆಂದು ಹೇಳದೆ ಎಣಿಸಹೇಳಿದ್ದೇ ತಪ್ಪು.

ಹಾಗಾದರೆ ಅಕ್ಷರಗಳನ್ನೇ ಎಣಿಸಿಸುವುದು ಹೇಗೆ? ಸ್ವರಗಳನ್ನೂ ವ್ಯಂಜನಗಳನ್ನೂ ಕೂಡಿಸಿ, ಹಲಂತಚಿಹ್ನೆಗಳೆಷ್ಟೋ ಅಷ್ಟನ್ನು ಕಳೆಯಬೇಕು; ಗುಣಿತಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಲೆಕ್ಕಕ್ಕೆ ಹಿಡಿಯಕೂಡದು. ನಾಲ್ಕು ವ್ಯಂಜನ, ಒಂದು ಹಲಂತ, ಉಳಿದದ್ದು ಮೂರು. ಈ ಸೂತ್ರವನ್ನು ನಾನು ಹೇಳಿಕೊಡಲಿಲ್ಲ, ಆಕೆಯೇ ಕಂಡುಹಿಡಿದಳು. ಗಣಿತದ ಸೂತ್ರಗಳಾವುವೂ ಇದಕ್ಕೆ ಬೇಕಾಗಲಿಲ್ಲ. ಪ್ರೌಢಶಾಲೆಯಲ್ಲಿ ಕಲಿತ ವರ್ಣಮಾಲೆಯ ವಿಭಾಗ, ಸ್ವಲ್ಪ ತಾಳ್ಮೆ, ಇವೆರಡೇ ಸಾಕಾದುವು.

ಕಲಾವಿಭಾಗದವರಿಗೆ ಈ ವಿದ್ಯೆ ಏತಕ್ಕೆಂಬ ಪ್ರಶ್ನೆ ಇಂದಿನದಲ್ಲ. ಅರುವತ್ತು ವರ್ಷಗಳ ಹಿಂದೆಯೇ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಡಾರ್ಟ್‌ಮತ್ ಕಾಲೇಜಿನಲ್ಲಿ ಇದಕ್ಕೆ ಉತ್ತರ ಹೇಳಿದ ಇಬ್ಬರು ಗಣಿತದ ಅಧ್ಯಾಪಕರಿದ್ದರು. ಒಬ್ಬರು ಜಾನ್ ಕೆಮೆನಿ. ಈತನು ೧೯೨೬ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ೧೯೪೦ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ವಲಸೆಹೋಗಿ, ಪ್ರಿನ್ಸ್‌ಟನ್ನಿನಲ್ಲಿ ಐನ್‌ಸ್ಟೈನರ ಸಹಾಯಕನಾಗಿದ್ದವನು. ಇನ್ನೊಬ್ಬರು ಥಾಮಸ್ ಕರ್ಟ್ಸ್. ತಮ್ಮ ಕಾಲೇಜಿನಲ್ಲಿ ವಿಜ್ಞಾನ ಮತ್ತು ಎಂಜಿನಿಯರಿಂಗನ್ನು ಹಿಡಿಯತಕ್ಕವರು ಸುಮಾರು ಕಾಲುಭಾಗ ಮಾತ್ರವೆಂಬುದನ್ನು ಇವರು ಗಮನಿಸಿದರು. ಉಳಿದ ಮುಕ್ಕಾಲುಪಾಲಿನವರೇ ಮುಂದೆ ಕಾರ್ಖಾನೆಗಳನ್ನೂ ಸರ್ಕಾರವನ್ನೂ ನಡೆಸತಕ್ಕವರು. ಯಂತ್ರವು ಏನು ಮಾಡಬಲ್ಲದು, ಏನು ಮಾಡಲಾರದು ಎಂಬ ಅರಿವಿಲ್ಲದೆಯೇ ಅವರು ಯಂತ್ರದ ವಿಷಯದಲ್ಲಿ ತೀರ್ಮಾನ ಮಾಡುವರಲ್ಲ, ಇದು ಸರಿಯೆ? ಇದೇ ಅವರ ಚಿಂತೆ. ಯಂತ್ರದ ವಿಚಾರವಾಗಿ ಉಪನ್ಯಾಸ ಕೊಟ್ಟರೆ ಸಾಲದು, ಪ್ರತಿಯೊಬ್ಬನೂ ತನ್ನ ಕೈಯಿಂದ ಕ್ರಮವಿಧಿಯನ್ನು ಬರೆಯಲೇಬೇಕೆಂದು ಅವರು ನಿಶ್ಚಯಿಸಿದರು.

ಆಗಿನ ಕಾಲದಲ್ಲಿ ಇದು ಸುಲಭದ ಮಾತಾಗಿರಲಿಲ್ಲ. ರಟ್ಟಿನ ಚೀಟಿಗಳಲ್ಲಿ ರಂಧ್ರ ಹೊಡೆದು, ಕಟ್ಟನ್ನು ಯಂತ್ರಪಾಲಕನ ಕೈಗೆ ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ, ಕೆಲವು ವೇಳೆ ದಿನಗಟ್ಟಲೆ, ಕಾದಿರಬೇಕಾಗಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಮೊದಲಿಂದ. ಇಂತಹ ಕಾಯುವಿಕೆಯನ್ನು ಸಾಹಿತ್ಯದ ವಿದ್ಯಾರ್ಥಿ ಸಹಿಸುವನೆ? ಆದುದರಿಂದ ಒಂದೇ ಯಂತ್ರಕ್ಕೆ ಹಲವು ಟೆಲಿಟೈಪುಗಳನ್ನು ಕೂಡಿಸಿ, ಯಂತ್ರದ ಕಾಲವನ್ನು ಎಲ್ಲರಿಗೂ ಚೂರುಚೂರಾಗಿ ಹಂಚುವ ಏರ್ಪಾಡನ್ನು ಮಾಡಿದರು. ಅದನ್ನು ಕಟ್ಟುವುದರಲ್ಲಿ ದುಡಿದವರು ಬಹುಮಟ್ಟಿಗೆ ಅಲ್ಲಿನ ವಿದ್ಯಾರ್ಥಿಗಳೇ. ಜೊತೆಗೆ ಸಾಮಾನ್ಯವಾದ ಕೆಲವೇ ಇಂಗ್ಲಿಷ್ ಮಾತುಗಳಿಂದ ಬೇಸಿಕ್ ಎಂಬ ಹೊಸ ಗಣಕಭಾಷೆಯನ್ನು ರಚಿಸಿದರು. ೧೯೬೪ನೆಯ ಇಸವಿ ಮೇ ತಿಂಗಳ ೧ನೆಯ ತಾರೀಖು, ಬೆಳಗಿನ ಜಾವ ನಾಲ್ಕು ಗಂಟೆಯ ಸಮಯಕ್ಕೆ, ಬೇಸಿಕ್ಕಿನ ಮೊದಲ ಕ್ರಮವಿಧಿಗಳು ನಡೆದುವು. ಪುಸ್ತಕಭಂಡಾರಕ್ಕೆ ಹೋಗಿ ಬೇಕಾದ ಪುಸ್ತಕವನ್ನು ತೆಗೆದು ಓದುವಂತೆ, ಯಾವ ವಿಭಾಗದ ವಿದ್ಯಾರ್ಥಿಯಾದರೂ ಯಾರ ಅಪ್ಪಣೆಯನ್ನೂ ಕೇಳದೆ, ಹಣ ಕೊಡದೆ, ಯಂತ್ರದ ಮುಂದೆ ಕುಳಿತುಕೊಳ್ಳಬಹುದೆಂಬುದು ಅಲ್ಲಿಯ ನಿಯಮವಾಯಿತು.

ಡಾರ್ಟ್‌ಮತ್ತಿನಲ್ಲಿ ಆಗ ಹುಡುಗರಿಗೆ ಮಾತ್ರ ಪ್ರವೇಶ. ಹುಡುಗಿಯರನ್ನು ಸೇರಿಸಿಕೊಂಡದ್ದು ೧೯೭೨ರಲ್ಲಿ. ಆದರೆ ಹೆಣ್ಣುಮಕ್ಕಳಿಗೆ ಈ ವಿದ್ಯೆಯನ್ನು ಕಲಿಸಿದವರೂ ಅದೇ ಕಾಲದಲ್ಲಿ ಇದ್ದರು. ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಎಂಬ ಕ್ರೈಸ್ತ ಸಂನ್ಯಾಸಿನಿಯು ೧೯೬೫ರಲ್ಲಿ, ತನ್ನ ಐವತ್ತನ್ನು ದಾಟಿದ ವಯಸ್ಸಿನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಗಣಕವಿಜ್ಞಾನದಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ಅಮೆರಿಕದಲ್ಲಿ ಈ ವಿಷಯದಲ್ಲಿ ಆ ಪದವಿಯನ್ನು ಪಡೆದ ಮೊದಲ ಸ್ತ್ರೀ ಈಕೆ. ಅನಂತರ ಅಯೋವಾ ಸಂಸ್ಥಾನದ ಕ್ಲಾರ್ಕ್ ಎಂಬ ಮಹಿಳಾ ಕಾಲೇಜಿನಲ್ಲಿ ಗಣಕವಿಭಾಗವನ್ನು ಸ್ಥಾಪಿಸಿ, ಸುಮಾರು ಇಪ್ಪತ್ತು ವರ್ಷ ನಡೆಸಿದಳು.

ಇನ್ನು, ಗ್ರಂಥಗಳನ್ನು ಓದತಕ್ಕವನಿಗೆ ಯಂತ್ರದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ರಾಬರ್ಟೊ ಬುಸಾ ಎಂಬ ಇಟಲಿಯ ಪಾದ್ರಿಯ ಉದಾಹರಣೆಯೊಂದು ಸಾಕು. ಮಧ್ಯಯುಗದ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸನ ಗ್ರಂಥಗಳಲ್ಲಿ ‘ಒಳಗೆ’ ಎಂಬರ್ಥದ ಒಂದು ಸಣ್ಣ ಲ್ಯಾಟಿನ್ ಅವ್ಯಯವು ಎಲ್ಲೆಲ್ಲಿ ಹೇಗೆ ಬಂದಿದೆಯೆಂದು ತಿಳಿಯುವುದಕ್ಕಾಗಿ ಈತನು ಹತ್ತು ಸಾವಿರ ಚೀಟಿಗಳನ್ನು ಕೈಯಿಂದ ಬರೆದನು. ಒಂದು ಪದಕ್ಕೇ ಇಷ್ಟಾದರೆ ಉಳಿದುವಕ್ಕೆ ಎಷ್ಟು! ೧೯೪೯ರಲ್ಲಿ ಐ.ಬಿ.ಎಂ. ಕಂಪನಿಯ ಮುಖ್ಯಸ್ಥನನ್ನು ಕಂಡು ಯಂತ್ರಗಳ ಸಹಾಯವನ್ನು ಬೇಡಿದನು. ಒಂದು ಕೋಟಿಗೂ ಮೀರಿದ ಪದಗಳ ಆ ಸೂಚಿಯು ಮೂವತ್ತು ವರ್ಷದ ದುಡಿಮೆಯ ಫಲವಾಗಿ ೫೬ ಸಂಪುಟಗಳಲ್ಲಿ ಮುದ್ರಿತವಾಯಿತು. ಕೇಳಬೇಕಾದ ಪ್ರಶ್ನೆಯು ಹೊಳೆದದ್ದು ಗ್ರಂಥವನ್ನು ಓದಿದವನಿಗೆ, ಯಂತ್ರಕ್ಕಲ್ಲ. ನಮ್ಮಲ್ಲಿಯೂ ಬಿ. ಎಲ್. ರೈಸ್ ಅವರು ೧೮೮೬ರಿಂದ ಮೊದಲುಗೊಂಡು ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಸುಮಾರು ೯೦೦೦ ಶಾಸನಗಳಿವೆ. ಕೆರೆ ಕಟ್ಟಿಸಿದವರಲ್ಲಿ ಹೆಂಗಸರೆಷ್ಟು ಮಂದಿ, ಯಾವ ಶತಮಾನದಲ್ಲಿ ಯಾವ ನಾಡಿನಲ್ಲಿ ಅಂಥವರು ಹೆಚ್ಚು ಎಂಬ ಪ್ರಶ್ನೆಯನ್ನು ಇತಿಹಾಸದ ವಿದ್ಯಾರ್ಥಿನಿಯಲ್ಲದೆ ಬೇರೆ ಯಾರು ಹಾಕಿಕೊಂಡಾರು?

ಪುನಃ ನನ್ನ ಸೋದರಸೊಸೆಯ ಕಥೆಗೆ ಬರುತ್ತೇನೆ. ಅಕ್ಷರಗಳ ಎಣಿಕೆ ಕೈಗೂಡಿದ ಮೇಲೆ ಆಕೆಗೆ ಉತ್ಸಾಹ ಬಂದಿತು. “ಮಾವ, ಮಾತ್ರೆಗಳನ್ನೂ ಎಣಿಸಬಹುದಲ್ಲ?” ಎಂದಳು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಸ್ವರವುಳ್ಳದ್ದು ಗುರು; ಅನುಸ್ವಾರ ವಿಸರ್ಗಗಳುಳ್ಳದ್ದು ಗುರು; ಒತ್ತಕ್ಷರದ ಹಿಂದಿನದು ಗುರು; ವ್ಯಂಜನವು ಕೊನೆಗೆ ಸೇರಿದ್ದು ಗುರು. ನಾನು ಹೇಳುತ್ತ ಹೋದೆನು, ಆಕೆ ಬರೆಯುತ್ತ ಹೋದಳು. ಪರೀಕ್ಷೆಗಾಗಿ ಗದುಗಿನ ಭಾರತದಿಂದ ಒಂದು ಪದ್ಯವನ್ನು ಆರಿಸಿಕೊಂಡೆವು. ಅದು ಭಾಮಿನೀ ಷಟ್ಪದಿ, ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ೧೪ ಮಾತ್ರೆ, ಮೂರು ಮತ್ತು ಆರನೆಯವುಗಳಲ್ಲಿ ೨೩, ಒಟ್ಟು ೧೦೨.

ಯಂತ್ರವು ೧೦೦ ಎಂದಿತು.

ಹುಡುಗಿಯ ಮುಖ ಮತ್ತೆ ಬಾಡುವುದೆಂದು ನಾನು ಹೆದರಿದೆನು. ಬಾಡಲಿಲ್ಲ. “ಎರಡು ಮಾತ್ರೆ ಎಲ್ಲಿ ಸೋರಿಹೋದುವೋ ಹುಡುಕೋಣ” ಎಂದು ಪಾದಪಾದವಾಗಿ ಲೆಕ್ಕ ಕೊಡಹೇಳಿದಳು. ಮೂರನೆಯ ಪಾದದಲ್ಲಿ ಒಂದು ಕಡಮೆ, ಆರನೆಯದರಲ್ಲಿ ಒಂದು ಕಡಮೆ. ಎರಡೂ ಪಾದಗಳ ಕೊನೆಯಕ್ಷರ ಹ್ರಸ್ವ. ಪಾದಾಂತದ ಲಘುವನ್ನು ಅಲ್ಲಿ ಗುರುವೆಂದೇ ಎಣಿಸಬೇಕೆಂಬ ನಿಯಮವನ್ನು, ಮೂವತ್ತು ವರ್ಷ ಪಾಠ ಹೇಳಿದ ನಾನು, ಹೇಳಲು ಮರೆತಿದ್ದೆನು! ನನ್ನ ಬಾಯಿಗೂ ಕಿವಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ, ಅದೊಂದು ಪ್ರತ್ಯೇಕವಾದ ನಿಯಮವೆಂಬುದೇ ಹೊಳೆದಿರಲಿಲ್ಲ. ತರಗತಿಯಲ್ಲಿ ನಾನು ಹೀಗೆಯೇ ಎಷ್ಟು ನಿಯಮಗಳನ್ನು ನುಂಗಿಕೊಂಡು ಪಾಠ ಹೇಳಿರಬಹುದು, ತಿಳಿಯಲಿಲ್ಲವೆಂದ ಎಷ್ಟು ಮಕ್ಕಳನ್ನು ಮಂದಬುದ್ಧಿಗಳೆಂದು ಎಣಿಸಿರಬಹುದು! ನಾವು ಹೇಳದೆ ಬಿಟ್ಟದ್ದನ್ನು ಮಕ್ಕಳು ಊಹಿಸಿಕೊಳ್ಳುವರು, ಇಲ್ಲವೆ ಹೆದರಿ ಸುಮ್ಮನಾಗುವರು. ಯಂತ್ರವು ಎರಡನ್ನೂ ಮಾಡದೆ, ಹೇಳಿದಷ್ಟನ್ನು ಮಾತ್ರ ಮಾಡಿ, ಬಿಟ್ಟುಹೋದದ್ದನ್ನು ತೋರಿಸಿಕೊಡುತ್ತದೆ.

ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಇದು. ಕ್ರಮವಿಧಿಯನ್ನು ಬರೆಯುವುದೆಂದರೆ ಅಂಕಗಣಿತವಲ್ಲ. ಮನಸ್ಸಿನಲ್ಲಿರುವುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುವುದು, ಹೇಳಿದ್ದರಲ್ಲಿ ಎಲ್ಲಿ ತಪ್ಪಿದೆಯೆಂದು ನಾಚಿಕೆಯಿಲ್ಲದೆ ಹುಡುಕುವುದು. ಮೊದಲನೆಯದು ವ್ಯಾಕರಣವನ್ನೂ ಗ್ರಂಥಪಾಠವನ್ನೂ ನೆಟ್ಟಗೆ ಕಲಿತವರಿಗೆ ಹೊಸದಲ್ಲ. ಪಾಣಿನಿಯು ಸುಮಾರು ೪೦೦೦ ಸೂತ್ರಗಳಲ್ಲಿ ಸಂಜ್ಞೆಗಳನ್ನು ಗೊತ್ತುಮಾಡಿ, ಸಾಮಾನ್ಯ ನಿಯಮವನ್ನೂ ಅದರ ಅಪವಾದವನ್ನೂ ಬೇರೆಬೇರೆಯಾಗಿಟ್ಟು, ಎರಡು ಸೂತ್ರಗಳು ಎದುರುಬದುರಾದಾಗ ಯಾವುದು ಗೆಲ್ಲಬೇಕೆಂಬುದನ್ನೂ ವಿಧಿಸಿದನು. ಗಣಕಭಾಷೆಗಳ ರಚನೆಯನ್ನು ವಿವರಿಸಲು ಬ್ಯಾಕಸ್ ಎಂಬ ವಿದ್ವಾಂಸನು ರೂಪಿಸಿದ ಸಂಕೇತಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಪೀಟರ್ ಇಂಗರ್‌ಮನ್ ಎಂಬುವನು ೧೯೬೭ರಲ್ಲಿ ಸೂಚಿಸಿದನು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮವಾದ ಭಾಷೆಯೆಂದು ನಾಸಾ ಸಂಸ್ಥೆಯವರು ಹೇಳಿರುವರೆಂಬ ವದಂತಿ ನಮ್ಮಲ್ಲಿ ಬಹಳವಾಗಿ ಹಬ್ಬಿದೆ. ಅದರ ಮೂಲ, ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬುವನು ೧೯೮೫ರಲ್ಲಿ ಬರೆದ ಒಂದು ಲೇಖನ. ನಮ್ಮ ವೈಯಾಕರಣರು ವಾಕ್ಯಾರ್ಥವನ್ನು ಬಿಡಿಸುವ ರೀತಿಗೂ ಯಂತ್ರಕ್ಕೆ ಅರ್ಥವನ್ನು ತಿಳಿಸಲು ಆಗ ಬಳಸುತ್ತಿದ್ದ ಒಂದು ಪದ್ಧತಿಗೂ ಹೋಲಿಕೆಯಿದೆಯೆಂಬುದಷ್ಟೇ ಅದರ ತಾತ್ಪರ್ಯ. ಪೂರ್ವಿಕರ ಹಿರಿಮೆಯನ್ನು ಹೇಳಿಕೊಂಡು ಕುಳಿತರೆ ನಮಗೆ ವಿದ್ಯೆ ಬರುವುದಿಲ್ಲ. ಅವರು ಪಟ್ಟ ಶ್ರಮವನ್ನು ನಾವೂ ಪಟ್ಟರೆ ಬಂದೀತು.

“ಈಗ ಯಂತ್ರವೇ ಕ್ರಮವಿಧಿಯನ್ನು ಬರೆದುಕೊಡುತ್ತದೆಯಲ್ಲ, ಕಲಿಯುವುದೇತಕ್ಕೆ?” ಎಂದು ವಾಚಕರು ಕೇಳಬಹುದು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯು ಲೋಕಕ್ಕೆ ತೆರೆದ ಮೇಲೆ ಈ ಸೌಕರ್ಯ ಎಲ್ಲರಿಗೂ ಉಂಟಾಗಿದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಅದು ಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳತಕ್ಕವರು ಯಾರು? ಭಾಮಿನಿಗೆ ೧೦೨ ಮಾತ್ರೆಗಳಿರಬೇಕೆಂದು ತಿಳಿಯದವನು ೧೦೦ ಎಂಬ ಉತ್ತರವನ್ನು ಕಣ್ಣುಮುಚ್ಚಿ ನಂಬುತ್ತಿದ್ದನು. ವಿಷಯಜ್ಞಾನವೂ ಯಂತ್ರದ ನಡೆಯ ಅರಿವೂ ಒಬ್ಬರಲ್ಲಿಯೇ ಕೂಡಿರಬೇಕಾದ ಅಗತ್ಯವು ಮೊದಲಿಗಿಂತ ಈಗ ಹೆಚ್ಚಾಗಿದೆ.

ನಿಯಮಕ್ಕೆ ಸಿಕ್ಕದ ಸ್ಥಳಗಳೂ ಉಂಟು. ಹಳಗನ್ನಡದಲ್ಲಿ ‘ಅಮರ್ದು’ ಎಂಬಂತಹ ಪದಗಳಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸುವುದರಿಂದ ಅದರ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ೧೩ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿರುವ ಶಿಥಿಲದ್ವಿತ್ವ ಇದೇ. ಬರವಣಿಗೆಯನ್ನು ಮಾತ್ರ ನೋಡಿ ಇದನ್ನು ಎಲ್ಲ ಕಡೆಯಲ್ಲಿಯೂ ನಿರ್ಧರಿಸಲಾಗದು. ಪದ್ಯದ ನಡೆಯನ್ನು ಬಲ್ಲ ಕಿವಿ ಬೇಕು. ಇದನ್ನು ತಿಳಿಸಿದಾಗ ಹುಡುಗಿ ಸ್ವಲ್ಪ ಯೋಚಿಸಿ, ಅಂತಹ ಸಂದೇಹ ಬಂದಲ್ಲಿ ಯಂತ್ರವು ತಾನಾಗಿ ತೀರ್ಮಾನಿಸದೆ, ನಿಂತು, ಓದುವವರನ್ನು ಕೇಳಬೇಕೆಂದು ಒಂದು ಆಜ್ಞೆಯನ್ನು ಸೇರಿಸಿದಳು. ಇಂತಹ ವಿವೇಕವನ್ನು ಎಷ್ಟು ಮಂದಿ ಅಧಿಕಾರಿಗಳು ತಮ್ಮ ಕಛೇರಿಯ ಯಂತ್ರಗಳಿಗೆ ಕಲಿಸಿದ್ದಾರೆ?

ಇಷ್ಟರಿಂದ ನನಗೆ ತೋರಿದ ಮೂರು ಮಾತುಗಳನ್ನು ಅರಿಕೆಮಾಡುತ್ತೇನೆ. ಅಧ್ಯಾಪಕರು ಅಭ್ಯಾಸಗಳನ್ನು ವಿದ್ಯಾರ್ಥಿಗಳ ವಿಷಯದಿಂದಲೇ ಆರಿಸಬೇಕು. ಇತಿಹಾಸದವರಿಗೆ ಶಾಸನ, ಅರ್ಥಶಾಸ್ತ್ರದವರಿಗೆ ಸಂತೆಯ ಧಾರಣೆ, ಕನ್ನಡದವರಿಗೆ ಛಂದಸ್ಸು. ಅವಿಭಾಜ್ಯ ಸಂಖ್ಯೆಗಳಿಂದಲೇ ಆರಂಭಮಾಡಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಎರಡನೆಯದಾಗಿ, ಕ್ರಮವಿಧಿಗಳನ್ನು ಕಂಠಪಾಠಮಾಡಿಸಿ ಕಾಗದದ ಮೇಲೆ ಬರೆಯಿಸುವ ಪರೀಕ್ಷೆಯಿಂದ ಏನೂ ಸಾಧಿಸದು. ತನ್ನ ತಪ್ಪನ್ನು ತಾನೇ ಕಂಡುಹಿಡಿದು ಕಾರಣ ಬರೆದವರಿಗೆ ಅಂಕ ಸಲ್ಲಬೇಕು. ಮೂರನೆಯದು ಮನೆಯ ಹಿರಿಯರಿಗೆ. ಎಂಜಿನಿಯರಿಂಗ್ ಓದುವ ಮಗನಿಗೆ ಸಾಲಮಾಡಿಯಾದರೂ ಲ್ಯಾಪ್‌ಟಾಪನ್ನು ಕೊಂಡುಕೊಟ್ಟು, ಬಿ.ಎ. ಓದುವ ಮಗಳಿಗೆ ಅದೇತಕ್ಕೆಂದು ಹೇಳುವ ಮನೆಗಳನ್ನು ನಾನು ಬಲ್ಲೆ. ಇನ್ನೊಂದನ್ನು ಕೊಳ್ಳಲು ಶಕ್ತಿಯಿಲ್ಲದಿದ್ದರೆ ಇರುವುದರಲ್ಲಿಯೇ ದಿನಕ್ಕೊಂದು ಗಂಟೆ ಆಕೆಗೂ ಸಲ್ಲಲಿ. ಎಲ್ಲರೂ ಮಲಗಿದ ಮೇಲೆ ಉಳಿದ ಗಂಟೆಯಲ್ಲ, ಹಗಲಿನ ಗಂಟೆ.

ಹುಡುಗಿ ಪಾಠವನ್ನು ಬಿಡಲಿಲ್ಲ. ತನ್ನ ಮಾತ್ರಾಗಣನೆಯನ್ನು ಅಧ್ಯಾಪಕರಿಗೆ ತೋರಿಸಿದಳು. ಅವರು ಸಂತೋಷಪಟ್ಟು ತರಗತಿಗೆಲ್ಲ ವಿವರಿಸಹೇಳಿದರಂತೆ. ಈಗ ತಮ್ಮ ತಾಲ್ಲೂಕಿನ ಶಾಸನಗಳಿಂದ ದಾನಕೊಟ್ಟವರ ಹೆಸರುಗಳನ್ನು ಒಂದು ಪಟ್ಟಿಗೆ ಏರಿಸುತ್ತಿದ್ದಾಳೆ. ಭಾನುವಾರ ನಾನು ಓದಿ ಹೇಳುತ್ತೇನೆ, ಆಕೆ ಬರೆದುಕೊಳ್ಳುತ್ತಾಳೆ. ಮೊದಲನೆಯ ಭಾನುವಾರವೇ ನಾನು, “ಮಗು, ಆ ದಿನ ನಾನು ಆಡಿದ ಮಾತು ತಪ್ಪು” ಎಂದೆನು. ಆಕೆ ತಲೆಯೆತ್ತದೆ, “ಯಾವ ಸಾಲಿನಲ್ಲಿ ಮಾವ?” ಎಂದಳು. ಪಟ್ಟಿಯ ಮಾತೆಂದು ತಿಳಿದಿದ್ದಳು. ನಾನು ಯಾವ ಮಾತೆಂಬುದನ್ನು ವಿವರಿಸಿ ಹೇಳಬೇಕಾಯಿತು.